ಬಾಲಾಜಿಯ ಪಾಲಿನ ಕಜ್ಜಾಯ

ದೀಪಾವಳಿ ಅಮಾವಾಸ್ಯೆಯ ಬೆಳಿಗ್ಗೆ ಮುನಿರಾಜು ತಲೆಗೆ ಎಣ್ಣೆ ಇಟ್ಟುಕೊಳ್ಳಲಿಲ್ಲ.

ಇದನ್ನು ಗಮನಿಸಿದವಳು ಅವನ ಹೆಂಡತಿ ಅರ್ಚನ ಅಲ್ಲ, ಹೆತ್ತ ತಾಯಿ ಅನಸೂಯಮ್ಮನೂ ಅಲ್ಲ, ತಮ್ಮನ ಹೆಂಡತಿ ಸುಮಲತ. ಬಚ್ಚಲ ಒಲೆಗೆ ಸೌದೆ ತುಂಬುತ್ತಿದ್ದವಳು ಅವಳೇ ಆದ್ದರಿಂದ ಯಾರ ನೀರು ಆಯಿತು, ಯಾರದು ಬಾಕಿ ಎಂಬುದೆಲ್ಲ ಅವಳಿಗೆ ತಿಳಿಯುತ್ತಿತ್ತು. ಅನಸೂಯಮ್ಮ ಎಣ್ಣೆ ಬಟ್ಟಲು ಹಿಡಿದು ಮಗನನ್ನು ಕರೆದರೆ ಅವನು ಹಿತ್ತಿಲಿಂದಲೇ, ಹಸು ಕರೆಯುವುದಿದೆ ಎಂದ. ಕರೆದಾದ ಮೇಲೆ ಕ್ಯಾಸಂಬಳ್ಳಿಗೆ ಹೋಗಿ ಬರುತ್ತೇನೆ ಎಂದು ಬೈಕು ಹತ್ತಿದ. ಬಂದವನು ಬೋರ್‌ವೆಲ್ ತೊಟ್ಟಿಯ ತಣ್ಣೀರನ್ನು ಮೈಮೇಲೆ ಸುರಿದುಕೊಂಡು, ಸ್ನಾನ ಆಯಿತು ಬಿಡಮ್ಮ ಅಂದ. ಮುಖದ ಮೇಲೆ ವಾರ ಮೀರಿದ ಗಡ್ಡ ಹಾಗೇ ಇತ್ತು. ಹಬ್ಬದ ದಿನ ಆ ಊರಿನಲ್ಲಿ ಗಂಡಸೊಬ್ಬ ಗಡ್ಡ ಬೋಳಿಸಿಲ್ಲ ಅಂದರೆ ಅವನು ಹುಟ್ಟು ಸೋಮಾರಿಯಾಗಿರಬೇಕು, ಇಲ್ಲವೇ ಅವನ ಮನೆಯಲ್ಲಿ ಯಾರಾದರೂ ಸತ್ತಿರಬೇಕು. ಮುನಿರಾಜು ಸೋಮಾರಿಯಲ್ಲ.

ಸುಮಲತ ಆ ಯೋಚನೆಯನ್ನು ಮುಂದಕ್ಕೆ ಬಿಡಲಿಲ್ಲ. ಒಲೆಗೆ ಇನ್ನೊಂದು ಕೊರಡು ತುರುಕಿ, ಕಣ್ಣಿಗೆ ಹೊಗೆ ಹೊಡೆಯಿತು ಎಂದು ಎದ್ದಳು. ಅವಳ ಗಂಡ ಬಾಲಾಜಿ ಮನೆ ಬಿಟ್ಟು ಅಂದಿಗೆ ಒಂಬತ್ತು ದಿನವಾಗಿತ್ತು.

ಬಾಲಾಜಿಯದು ಬೋರ್‌ವೆಲ್ ಮೋಟರು ಎತ್ತಿ ಇಳಿಸುವ ಕೆಲಸ. ಕುಪ್ಪಂ ಕಡೆ ನಾಲ್ಕು ದಿನದ ಕೆಲಸವಿದೆ, ಉರಿಗಾಂನ ನರೇಶನೂ ಜೊತೆಗಿದ್ದಾನೆ ಎಂದು ಹೇಳಿ ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟಿದ್ದ. ಹಗ್ಗ ಸರಿ. ಆದರೆ ಹಣೆಗೆ ಕಟ್ಟಿಕೊಳ್ಳುವ ಬ್ಯಾಟರಿ ದೀಪವನ್ನೂ ಚೀಲಕ್ಕೆ ಹಾಕಿಕೊಂಡದ್ದನ್ನು ಅವಳು ನೋಡಿದ್ದಳು. ಹಗಲು ಹೊತ್ತು ಮೋಟರು ಎತ್ತುವವನಿಗೆ ದೀಪ ಯಾಕೆ ಎಂದು ಕೇಳಿದ್ದಕ್ಕೆ ಅವನು ನಕ್ಕು, ನೋಮಿನ ದಿನ ಬಂದೇ ಬರುತ್ತೇನೆ, ಕಜ್ಜಾಯ ಎಣಿಸಿಡು ಎಂದು ಹೋಗಿದ್ದ. ಅಂದು ಸಂಜೆಯಿಂದ ಅವನ ಫೋನು ಆಫ್. ಅವಳು ದಿನಕ್ಕೆ ಇಪ್ಪತ್ತು ಸಲ ಮಾಡುತ್ತಿದ್ದಳು.

ಮುಚ್ಚಿದ ಚಿನ್ನದ ಗಣಿಗಳೊಳಗೆ ತಾಮ್ರದ ಕೇಬಲ್ಲು, ಹಳೇ ಕಬ್ಬಿಣ ಎಂದು ಇಳಿಯುವವರ ಸಂಗತಿ ಆ ಸುತ್ತಿನಲ್ಲಿ ಯಾರಿಗೂ ಹೊಸದಲ್ಲ. ಮಾವ ಮುನಿಸ್ವಾಮಪ್ಪ ಗಣಿ ಮುಚ್ಚುವ ತನಕ ಕೆಳಗೆ ಇಳಿದು ದುಡಿದವರು. ಆಮೇಲೆ ಊರಿಗೆ ಬಂದು ಟೊಮೆಟೊ, ಹಸು ಎಂದು ನಿಂತವರು. ಚಿನ್ನ ತೆಗೆದು ಬಿಸಾಡಿದ ಮಣ್ಣಿನ ಸೈನೈಡ್ ದಿಬ್ಬಗಳು ಮನೆಯ ಹಿತ್ತಿಲಿಂದ ಬೂದು ಬಣ್ಣದ ಗುಡ್ಡದ ಹಾಗೆ ಕಾಣುತ್ತವೆ. ಮಾವ ಆ ಕಡೆ ಬೆನ್ನು ಹಾಕಿಯೇ ಕೂರುತ್ತಿದ್ದರು. ಕೆಳಗಿನ ಗಾಳಿ ಕೆಟ್ಟಿದೆ, ಕಾಲಿಟ್ಟರೆ ಕಾಲು ಮುರಿಯುತ್ತೇನೆ ಎಂದು ಇಬ್ಬರು ಮಕ್ಕಳಿಗೂ ಹೇಳಿಟ್ಟಿದ್ದರು. ಕಾಲು ಮುರಿಯುವವರು ಹೋದ ವರ್ಷ ತೀರಿಕೊಂಡರು.

ಆ ಸೀಮೆಯಲ್ಲಿ ದೀಪಾವಳಿ ಎಂದರೆ ಪಟಾಕಿಯಲ್ಲ, ನೋಮು. ಹೊಸ ಮೊರದಲ್ಲಿ ಇಪ್ಪತ್ತೊಂದು ಕಜ್ಜಾಯ, ಇಪ್ಪತ್ತೊಂದು ವೀಳ್ಯದೆಲೆ, ಇಪ್ಪತ್ತೊಂದು ಅಡಿಕೆ ಇಟ್ಟು ಕೇದಾರೇಶ್ವರನಿಗೆ ಪೂಜೆ ಮಾಡಿ, ಅರಿಶಿನ ಹಚ್ಚಿದ ಇಪ್ಪತ್ತೊಂದು ಎಳೆಯ ದಾರವನ್ನು ಕೈಗೆ ಕಟ್ಟಿಕೊಳ್ಳುವುದು. ಮನೆಯ ಒಬ್ಬೊಬ್ಬ ಗಂಡಸಿನ ಹೆಸರಿನಲ್ಲಿ ಒಂದೊಂದು ಮೊರ. ಅವನು ಊರಲ್ಲಿಲ್ಲದಿದ್ದರೆ ಅವನ ದಾರವನ್ನು ಹೆಂಡತಿಯೋ ಅಣ್ಣನೋ ಕಟ್ಟಿಕೊಂಡು ಅವನು ಬರುವ ತನಕ ಕಾಪಾಡಬೇಕು. ದಾಯಾದಿಗಳಲ್ಲಿ ಸಾವಾಗಿ ಸೂತಕ ಬಂದರೆ ಆ ವರ್ಷ ನೋಮಿಲ್ಲ. ಎರಡು ವರ್ಷ ಒಂದೇ ಸಮನೆ ತಪ್ಪಿದರೆ ನೋಮು ಮನೆ ಬಿಟ್ಟು ಹೋಯಿತು ಎಂದೇ ಅರ್ಥ. ಮತ್ತೆ ಬೇಕಾದರೆ ಇನ್ನೊಬ್ಬರ ಬಾಗಿಲಿಗೆ ಹೋಗಿ ಬೇಡಿ ತರಬೇಕು. ಮುನಿಸ್ವಾಮಪ್ಪ ಸತ್ತದ್ದು ಹೋದ ವರ್ಷದ ನೋಮಿಗೆ ನಾಲ್ಕು ದಿನ ಇರುವಾಗ. ಒಂದು ನೋಮು ತಪ್ಪಿತು.

ಅದು ತಪ್ಪಿದ್ದಕ್ಕೇ ವರ್ಷವಿಡೀ ಹೀಗಾಯಿತು ಎಂದು ಅನಸೂಯಮ್ಮನ ಗಟ್ಟಿ ತೀರ್ಮಾನ. ಸಂಕ್ರಾಂತಿಗೆ ಕರು ಹಾಕಬೇಕಿದ್ದ ಹಸು ಗಂಟು ರೋಗಕ್ಕೆ ಹೋಯಿತು. ಬೇಸಿಗೆಯಲ್ಲಿ ಆಲಿಕಲ್ಲು ಬಿದ್ದು ಟೊಮೆಟೊ ತೋಟ ಮಣ್ಣಾಯಿತು. ಅರ್ಚನಳಿಗೆ ಗರ್ಭಕೋಶದ ಆಪರೇಷನ್ ಆಯಿತು. ಈ ಸಲ ಮನೆ ಹೊತ್ತಿ ಉರಿದರೂ ನೋಮು ಮಾಡಿಯೇ ತೀರುತ್ತೇನೆ ಎಂದು ಆಕೆ ಹಬ್ಬಕ್ಕೆ ಹದಿನೈದು ದಿನ ಮೊದಲೇ ಅಕ್ಕಿ ನೆನೆಹಾಕುವ ಮಾತಾಡತೊಡಗಿದ್ದರು. ಬಾಲಾಜಿಯ ಮೊರವನ್ನು ಎಲ್ಲಕ್ಕಿಂತ ಮೊದಲು ಸಂತೆಯಿಂದ ತಂದವರೂ ಅವರೇ.

ನೋಮಿನ ಕಜ್ಜಾಯ ಬಂಗಾರಪೇಟೆ ಸೀಮೆಯ ಹೆಂಗಸರಿಗೆ ಒಂದು ಪರೀಕ್ಷೆ. ಬೆಲ್ಲದ ಪಾಕ ಒಂದು ಚೂರು ಎಳಸಾದರೆ ಎಣ್ಣೆಯಲ್ಲಿ ಪುಡಿಪುಡಿ, ಒಂದು ಚೂರು ಬಲಿತರೆ ಹಲ್ಲು ಮುರಿಯುವಷ್ಟು ಗಟ್ಟಿ. ಎಣ್ಣೆಯಲ್ಲಿ ಒಡೆದರೆ ಮನೆಯಲ್ಲಿ ಮೈಲಿಗೆ ಇದೆ ಎನ್ನುವುದು ಹಿಂದಿನಿಂದ ಬಂದ ನಂಬಿಕೆ; ಪಾಕ ಹಿಡಿಯಲು ಬಾರದವರನ್ನು ಕಾಪಾಡಿದ ನಂಬಿಕೆಯೂ ಅದೇ. ಅತ್ತೆ ಬಾಣಲೆಯ ಮುಂದೆ ಕೂತರು, ಅರ್ಚನ ತಟ್ಟಿದಳು, ಸುಮಲತ ಎರಡು ಸೌಟಿನ ನಡುವೆ ಎಣ್ಣೆ ಒತ್ತಿ ಇಳಿಸಿದಳು. ಅಷ್ಟೂ ಕಜ್ಜಾಯದಲ್ಲಿ ಒಂದೂ ಒಡೆಯಲಿಲ್ಲ. ಎಲ್ಲ ಕೆಂಪಗೆ, ದುಂಡಗೆ, ಮೆತ್ತಗೆ ಬಂದವು.

ಅನಸೂಯಮ್ಮನಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಬಾಲಾಜಿಗೆ ಏನೂ ಆಗಿಲ್ಲ, ಎಲ್ಲೋ ಫೋನು ಕಳೆದುಕೊಂಡಿದ್ದಾನೆ, ಸಂಜೆಯೊಳಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ ಎಂದರು. ಸುಮಲತಳಿಗೂ ಆ ಹೊತ್ತಿಗೆ ಎದೆ ಹಗುರವಾಯಿತು. ಬಾಲಾಜಿಯ ಮೊರಕ್ಕೆ ಇಪ್ಪತ್ತೊಂದನ್ನು ಎಣಿಸಿಟ್ಟು, ಅವನಿಗೆ ಬಿಸಿಯದು ಇಷ್ಟವೆಂದು ಇನ್ನೊಂದನ್ನು ಬೇರೆ ತಟ್ಟೆಯಲ್ಲಿ ಮುಚ್ಚಿಟ್ಟಳು.

ಹತ್ತು ಗಂಟೆಯ ಬಸ್ಸಿಗೆ ಬಂಗಾರಪೇಟೆಯಿಂದ ವೆಂಕಟೇಶಪ್ಪ ಬಂದರು. ಮುನಿಸ್ವಾಮಪ್ಪನ ತಮ್ಮ, ರೈಲ್ವೆಯಲ್ಲಿ ಹಳಿ ಕಾಯ್ದು ನಿವೃತ್ತರಾದವರು. ಕಾಯುವ ಚಟ ಇನ್ನೂ ಬಿಟ್ಟಿಲ್ಲ. ಅಪ್ಪ ಹೋದ ಮೇಲೆ ಪೂಜೆಗೆ ಕೂರಬೇಕಾದವನು ಹಿರಿಮಗ. ಆದರೆ ಮುನಿರಾಜು ಕುಡುಗೋಲು ತಾಗಿದೆ ಎಂದು ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದ. ಗಾಯದ ಕೈ ದೇವರ ಕೆಲಸಕ್ಕೆ ಬಾರದು, ಚಿಕ್ಕಪ್ಪನೇ ಕೂರಲಿ ಎಂದು ಮೂರು ದಿನದ ಹಿಂದೆ ಅವನೇ ಫೋನು ಮಾಡಿ ಒಪ್ಪಿಸಿದ್ದ.

ವೆಂಕಟೇಶಪ್ಪ ಕಾಲು ತೊಳೆದು ಒಳಗೆ ಬಂದವರೇ ಎಲ್ಲರ ಮೊಬೈಲು ಕೇಳಿದರು. ಇದು ಆರು ವರ್ಷದಿಂದ ನಡೆದುಬಂದ ಕ್ರಮ. ಒಂದು ವರ್ಷ ಕಜ್ಜಾಯದ ಎಣ್ಣೆ ಕಾಯುತ್ತಿದ್ದಾಗ ಮುಳಬಾಗಿಲು ಕಡೆಯಿಂದ ಫೋನು ಬಂದು, ಯಾರೂ ಕಣ್ಣಲ್ಲಿ ಕಂಡಿರದ ತೊಂಬತ್ತು ವರ್ಷದ ದಾಯಾದಿಯೊಬ್ಬರು ತೀರಿಕೊಂಡರೆಂದು ತಿಳಿದು ಹಬ್ಬವೇ ನಿಂತಿತ್ತು. ಮುದುಕರಿಗೆ ಸಾಯಲು ಬೇರೆ ದಿನ ಸಿಗಲಿಲ್ಲವೇ ಎಂದು ಅನಸೂಯಮ್ಮ ವರ್ಷಪೂರ್ತಿ ಶಪಿಸಿದ್ದರು. ಅಂದಿನಿಂದ ನೋಮಿನ ಬೆಳಿಗ್ಗೆ ಮನೆಯ ಫೋನುಗಳೆಲ್ಲ ಆಫ್ ಆಗಿ ಅಕ್ಕಿ ಡಬ್ಬದೊಳಗೆ ಹೋಗುತ್ತವೆ. ದಾರ ಕಟ್ಟಿದ ಮೇಲೆ ಹೊರಗೆ ಬರುತ್ತವೆ.

"ಸಾವು ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ," ಎಂದು ವೆಂಕಟೇಶಪ್ಪ ಪ್ರತಿ ವರ್ಷದ ಮಾತನ್ನೇ ಹೇಳಿದರು. "ಕೇಳ್ದೋನ್ಗೆ ಉಂಟು, ಕೇಳ್ದೆ ಇರೋನ್ಗೆ ಇಲ್ಲ. ಸಂಜೆಗಂಟ ನಮ್ಮ ಕಿವಿ ನಾವು ಕಾಯ್ಕಳಾನ."

ಅರ್ಚನ ಫೋನು ಕೊಟ್ಟಳು, ಅನಸೂಯಮ್ಮನೂ ತಮ್ಮ ಗುಂಡಿ ಫೋನು ಕೊಟ್ಟರು. ಸುಮಲತ ತನ್ನದರ ಚಾರ್ಜು ಮುಗಿದಿದೆ ಎಂದು ಸುಳ್ಳು ಹೇಳಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಾಲಾಜಿ ಬಸ್‌ಸ್ಟ್ಯಾಂಡಿನಿಂದ ಮಾಡಿದರೆ ಎತ್ತುವವರು ಬೇಡವೇ. ಮುನಿರಾಜು ಜಗಲಿಯ ಮೇಲೆ ನಿಂತಿದ್ದ. ವೆಂಕಟೇಶಪ್ಪ ಹೊಸ್ತಿಲಿನಿಂದ ಕೈ ಚಾಚಿದರೆ ಅವನು ಫೋನನ್ನು ಕೈಗೆ ಕೊಡದೆ ಜಗಲಿಯ ಕಲ್ಲಿನ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದ. ವೆಂಕಟೇಶಪ್ಪ ಬಗ್ಗಿ ಎತ್ತಿಕೊಂಡರು. ಅವರು ಏನನ್ನೂ ಗಮನಿಸಲಿಲ್ಲ.

ಸುಮಲತ ಗಮನಿಸಿದಳು. ಹಾಗೆ ನೆಲದ ಮೇಲೆ ಇಟ್ಟು ಸರಿಯುವವರನ್ನು ಅವಳು ಎಲ್ಲಿ ನೋಡಿದ್ದಳು? ಹೋದ ವರ್ಷ, ಇದೇ ಮನೆಯಲ್ಲಿ. ಮಾವ ಸತ್ತ ಹನ್ನೊಂದು ದಿನ ಇವರೆಲ್ಲ ಹೊರಗಿನವರಿಗೆ ಹಾಗೆಯೇ ಕೊಡುತ್ತಿದ್ದರು, ಹಾಗೆಯೇ ತೆಗೆದುಕೊಳ್ಳುತ್ತಿದ್ದರು.

ಒಂದು ಸಲ ಹೊಳೆದ ಮೇಲೆ ಉಳಿದವು ತಾವಾಗಿಯೇ ಬಂದು ನಿಂತವು. ಬಾಲಾಜಿ ಹೋದ ಮರುದಿನ ಮಧ್ಯಾಹ್ನ ಭಾವ ಬೋರ್‌ವೆಲ್ ತೊಟ್ಟಿಯ ಹತ್ತಿರ ಉಟ್ಟ ಬಟ್ಟೆಯಲ್ಲೇ ತೊಪ್ಪೆಯಾಗಿ ನಿಂತಿದ್ದ. ಪೈಪು ಒಡೆಯಿತು ಎಂದಿದ್ದ. ಅಂದಿನಿಂದ ಹಂದಿ ಕಾಟ ಎಂದು ತೋಟದ ಪಂಪಿನ ಮನೆಯಲ್ಲಿ ಮಲಗುತ್ತಿದ್ದ. ಕಿತ್ತ ಟೊಮೆಟೊ ಬಳ್ಳಿಯನ್ನು ತಿನ್ನುವ ಹಂದಿ ಯಾವುದು ಎಂದು ಅರ್ಚನ ಚುಡಾಯಿಸಿದ್ದಳು. ದೇವರ ಮೂಲೆಯ ಕಡೆ ಅವನು ಹಾಯ್ದದ್ದನ್ನೇ ಯಾರೂ ಕಾಣಲಿಲ್ಲ. ಹಾಲಿನ ಕ್ಯಾನು ಹೊರುವ ಕೈಗೆ ಪೂಜೆಯ ತಂಬಿಗೆ ಹಿಡಿಯಲು ಮಾತ್ರ ಗಾಯ.

ಮಧ್ಯಾಹ್ನ ಮೂರರ ಹೊತ್ತಿಗೆ ಚೆಂಡು ಹೂ ಕೀಳುವ ನೆಪ ಮಾಡಿಕೊಂಡು ಅವಳು ತೋಟಕ್ಕೆ ಹೋದಳು. ಮುನಿರಾಜು ತೊಟ್ಟಿಯ ಕಟ್ಟೆಯ ಮೇಲೆ ಕೂತು ಕೈ ತೊಳೆಯುತ್ತಿದ್ದ. ಸುತ್ತಿದ ಬಟ್ಟೆ ಪಕ್ಕದಲ್ಲಿ ಬಿದ್ದಿತ್ತು. ಅಂಗೈ, ಮುಂಗೈ, ಬೆರಳು, ಎಲ್ಲ ಸರಿಯಾಗಿತ್ತು. ಒಂದು ಗೀರು ಕೂಡ ಇರಲಿಲ್ಲ.

ಅವಳನ್ನು ಕಂಡು ಅವನು ಬಟ್ಟೆಯನ್ನು ಎತ್ತಿಕೊಂಡ. ಸುತ್ತಿಕೊಳ್ಳಲು ಹೋಗಿ, ಏನು ಪ್ರಯೋಜನ ಎಂಬಂತೆ ತೊಡೆಯ ಮೇಲೆ ಇಟ್ಟುಕೊಂಡ. ಅವಳ ಸೊಂಟದಲ್ಲಿದ್ದ ಫೋನು ಅವನಿಗೆ ಕಾಣಿಸಿತು.

"ಅದ್ನೂ ಅಕ್ಕಿ ಡಬ್ಬಕ್ಕೆ ಆಕ್ಬಿಡು, ಸುಮಲತ," ಅಂದ. "ಅದು ಬಡ್ಕಳಲ್ಲ."

ಬಡಿದುಕೊಳ್ಳುವುದಿಲ್ಲ ಎಂದು ಇವನಿಗೆ ಹೇಗೆ ಗೊತ್ತು? ಒಂಬತ್ತು ದಿನದಿಂದ ಎಲ್ಲರೂ ಅವಳಿಗೆ, ಇವತ್ತು ಬರುತ್ತೆ ನಾಳೆ ಬರುತ್ತೆ ಎಂದೇ ಹೇಳಿದ್ದರು. ಇಲ್ಲ ಎಂದು ಹೇಳಿದವನು ಇವನೊಬ್ಬನೇ. ಅಲ್ಲೇ ಬದುವಿನ ಮೇಲೆ ಕೂತಳು.

"ಭಾವ, ಅವ್ರ ಇಸ್ಯ ಏನಾರ ಗೊತ್ತಾ ನಿಮ್ಗೆ?"

ಮುನಿರಾಜು ಸೈನೈಡ್ ದಿಬ್ಬದ ಕಡೆಗೆ ನೋಡಲಿಲ್ಲ, ಅವಳ ಕಡೆಗೂ ನೋಡಲಿಲ್ಲ. "ಅಬ್ಬ ಮುಗೀಲಿ. ದಾರ ಕಟ್ಕಳ್ಳಿ ಎಲ್ರೂ. ಆಮೇಲೆ ಕೇಳು, ಏಳ್ತೀನಿ," ಅಂದ. ಮಾತು ಮುಗಿದ ಮೇಲೂ ಅವನ ಬಾಯಿ ಅಲುಗುತ್ತಲೇ ಇತ್ತು.

ಕೇಳದೆ ಇರುವವರಿಗೆ ಇಲ್ಲ. ಹೂವಿನ ಬುಟ್ಟಿ ಹೊತ್ತು ವಾಪಸು ಬರುವಾಗ ಸುಮಲತಳ ತಲೆಯಲ್ಲಿ ಅದೇ ಸುತ್ತುತ್ತಿತ್ತು. ಭಾವ ಕೇಳಿದ್ದಾನೆ, ಅದಕ್ಕೇ ಯಾರನ್ನೂ ಮುಟ್ಟುತ್ತಿಲ್ಲ. ತಾನು ಇನ್ನೂ ಕೇಳಿಲ್ಲ. ಕೇಳದಿದ್ದರೆ ಸಂಜೆಯ ತನಕ ಹಣೆಯ ಕುಂಕುಮ ಇರುತ್ತದೆ, ಬಳೆ ಇರುತ್ತದೆ, ಮೊರದಲ್ಲಿ ಬಾಲಾಜಿಯ ಹೆಸರಿನ ಇಪ್ಪತ್ತೊಂದು ಕಜ್ಜಾಯ ಇರುತ್ತದೆ. ಅತ್ತೆಗೆ ನೋಮು ಉಳಿಯುತ್ತದೆ. ಆಸೆಯಾಯಿತು ಅವಳಿಗೆ, ನಾಚಿಕೆ ಬಿಟ್ಟು ಆಸೆಯಾಯಿತು. ಇನ್ನು ಮೂರು ಗಂಟೆ ಕಾಲ ಗಂಡನುಳ್ಳವಳಾಗಿರಲು ಯಾರಿಗೆ ತಾನೆ ಬೇಡ? ಬುಟ್ಟಿ ಇಳಿಸಿ, ಕಣ್ಣಿಗೆ ನೀರು ಹಾಕಿಕೊಂಡು, ಕೇಳಿದವರಿಗೆ ಧೂಳು ಎಂದು ಹೇಳಿ ಹೂ ಕಟ್ಟಲು ಕೂತಳು.

ಹೊತ್ತು ಇಳಿಯುವಾಗ ಪೂಜೆ ಶುರುವಾಯಿತು. ಮೂರು ಮೊರ ಸಾಲಾಗಿ ಇಟ್ಟಿದ್ದರು: ವೆಂಕಟೇಶಪ್ಪನದು, ಮುನಿರಾಜುವಿನದು, ಬಾಲಾಜಿಯದು. ಅಕ್ಕಪಕ್ಕದ ಮನೆಗಳಲ್ಲಿ ಗಂಟೆ ಬಾರಿಸುವ ಸದ್ದು, ಎಲ್ಲೋ ಒಂದು ಸರಪಟಾಕಿ. ಮುನಿರಾಜು ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲಿನ ಆಚೆ ಜಗಲಿಯಲ್ಲಿ ಕೂತಿದ್ದ. ಮಂಗಳಾರತಿ ಒಳಗೆ ಸುತ್ತಿ ಅವನ ತನಕ ಬಂದಾಗ ಅವನು ಎದ್ದು ಚಪ್ಪಲಿ ಹುಡುಕುವವನಂತೆ ಅಂಗಳಕ್ಕೆ ಇಳಿದ.

ವೆಂಕಟೇಶಪ್ಪ ತಮ್ಮ ದಾರವನ್ನು ಕಟ್ಟಿಕೊಂಡರು. ಮುನಿರಾಜುವಿಗೆ, ಹೊಸ್ತಿಲ ಹತ್ತಿರ ಬಾ, ಗಾಯವಿಲ್ಲದ ಕೈಗಾದರೂ ಕಟ್ಟುತ್ತೇನೆ ಎಂದರು. ಆಮೇಲೆ ಕಟ್ಟಿಕೊಳ್ಳುತ್ತೇನೆ ಎಂದ. ದಾರ ಕಟ್ಟಿಕೊಳ್ಳಲೂ ಮುಹೂರ್ತ ಬೇಕೇ ಇವನಿಗೆ ಎಂದು ಗೊಣಗುತ್ತ ಅವರು ಅದನ್ನು ಮೊರದ ಅಂಚಿನಲ್ಲಿಟ್ಟು, ಮೂರನೆಯದನ್ನು ಎತ್ತಿಕೊಂಡರು. ಅನಸೂಯಮ್ಮ ಸೊಸೆಯ ಬೆನ್ನ ಮೇಲೆ ಕೈಯಿಟ್ಟು ಮುಂದೆ ತಳ್ಳಿದರು. ಗಂಡ ಬರುವ ತನಕ ಜೋಪಾನವಾಗಿಟ್ಟುಕೊ ಎಂದರು. ಆ ಕೈ ಬೆಚ್ಚಗಿತ್ತು, ಎಣ್ಣೆಯ ವಾಸನೆ ಇತ್ತು.

ಸುಮಲತ ಕೈ ನೀಡಿದಳು. ನೀಡಿದ ಮೇಲೆ, ವರ್ಷವಿಡೀ ಈ ದಾರ ತನ್ನ ಕೈಯಲ್ಲಿರುತ್ತದೆ ಎಂಬುದು ಹೊಳೆಯಿತು. ಸಂಜೆ ಭಾವ ಬಾಯಿ ಬಿಟ್ಟ ಮೇಲೂ ಇರುತ್ತದೆ. ಇಲ್ಲದವನಿಗೆ ಜೋಪಾನ ಮಾಡುತ್ತ ಇರಬೇಕು. ಬಾಲಾಜಿ ಎಲ್ಲಿ ಬಿದ್ದಿದ್ದಾನೋ, ಅವನ ಮೇಲೆ ಒಂದು ಹಿಡಿ ಮಣ್ಣು ಹಾಕಿದವರಿದ್ದಾರೋ ಇಲ್ಲವೋ. ಇಲ್ಲಿ ಅವನ ಹೆಸರಿನಲ್ಲಿ ಗಂಟೆ ಬಾರಿಸುತ್ತಿದ್ದೇವೆ. ಅವಳಿಗೆ ಅಳುವಿಗಿಂತ ಮುಂಚೆ ಸಿಟ್ಟು ಬಂತು. ತಾನು ಯಾವಾಗಿನಿಂದ ಗಂಡ ಸತ್ತವಳಾಗಬೇಕು ಎಂದು ಲೆಕ್ಕ ಹಾಕಲು ಈ ಭಾವ ಯಾರು?

ಕಟ್ಟುವ ಮೊದಲೇ ದಾರವನ್ನು ವೆಂಕಟೇಶಪ್ಪನ ಕೈಯಿಂದ ತೆಗೆದುಕೊಂಡು ಅವಳು ಹೊಸ್ತಿಲಿಗೆ ಬಂದಳು. ಮುನಿರಾಜು ಜಗಲಿಗೆ ಹತ್ತಿ ನಿಂತಿದ್ದ.

"ಭಾವ, ಅಣ್ಣ ತಾನೇ ನೀವು. ಅವ್ರು ಬರೋಗಂಟ ಅವ್ರ ದಾರ ನೀವೇ ಕಟ್ಕಂಡಿರಿ."

ಮುನಿರಾಜು ಅವಳ ಅಂಗೈಯನ್ನು ನೋಡಿದ. ಬಟ್ಟೆ ಸುತ್ತಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ, ಆಮೇಲೆ ಇನ್ನೊಂದನ್ನೂ ಇಟ್ಟುಕೊಂಡ. ಎಂಟು ದಿನ ಅಮ್ಮನಿಗೆ, ಹೆಂಡತಿಗೆ, ಡೈರಿಯವರಿಗೆ, ಕೇಳಿದವರಿಗೆಲ್ಲ ಸುಳ್ಳು ಹೇಳಿದ್ದ. ಹೇಳುತ್ತ ಹೇಳುತ್ತ ಅಭ್ಯಾಸವೂ ಆಗಿತ್ತು. ಆದರೆ ಸೂತಕದ ಕೈಯಲ್ಲಿ ನೋಮಿನ ದಾರ ಮುಟ್ಟುವುದು ಅವನಿಂದಾಗುವ ಕೆಲಸವಲ್ಲ.

"ಈಸ್ಕಳ್ಲಾ ಮುನಿರಾಜ," ಎಂದು ಒಳಗಿನಿಂದ ಅನಸೂಯಮ್ಮ ಅಂದರು. "ತಮ್ಮನ್ ದಾರ ಕಣ್ಲಾ."

"ಮುಟ್ಟಂಗಿಲ್ಲಮ್ಮ ನಾನು," ಅಂದ ಮುನಿರಾಜು.

ಆ ಮನೆಯಲ್ಲಿ ಆ ಮಾತಿನ ಅರ್ಥ ತಿಳಿಯದವರು ಯಾರೂ ಇರಲಿಲ್ಲ. ಅರ್ಚನಳ ಕೈಯಿಂದ ಗಂಟೆ ಕೆಳಗೆ ಬಿತ್ತು. ವೆಂಕಟೇಶಪ್ಪ ತಮ್ಮ ಕೈಯ ಹೊಸ ದಾರವನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡರು.

"ಯಾವತ್ತು?" ಎಂದು ಸುಮಲತ ಕೇಳಿದಳು.

"ಓದ ದಿನಾನೇ. ಸಂಜೇ ಕಡೆ."

ಅಂದರೆ ಅವಳು ಮೊದಲನೇ ಸಲ ಫೋನು ಮಾಡುವ ಹೊತ್ತಿಗಾಗಲೇ. ಉಳಿದದ್ದನ್ನು ಮುನಿರಾಜು ಜಗಲಿಯ ಕಂಬಕ್ಕೆ ಒರಗಿ, ಯಾರ ಮುಖವನ್ನೂ ನೋಡದೆ ಹೇಳಿದ. ಉರಿಗಾಂ ಆಚೆಯ ಮುಚ್ಚಿದ ಗಣಿಯೊಂದಕ್ಕೆ ಕೇಬಲ್ಲಿಗೆಂದು ಇಳಿದಿದ್ದರು. ಮುಂದೆ ಹೋದವನು ಬಾಲಾಜಿ. ಕೆಳಗಿನ ಗಾಳಿ ಕೆಟ್ಟಿತ್ತು. ಕೂಗಲಿಕ್ಕೂ ಆಗದೆ ಬಿದ್ದ, ಬಿದ್ದದ್ದು ನೀರಿಗೆ. ಹಿಂದಿದ್ದ ನರೇಶ ಮೇಲೆ ಬಂದು, ಮರುದಿನ ಡೈರಿಯ ಹತ್ತಿರ ಮುನಿರಾಜುವಿಗೆ ಹೇಳಿ, ಪೊಲೀಸರ ಭಯಕ್ಕೆ ತಮಿಳುನಾಡಿನ ಕಡೆ ಬಸ್ಸು ಹತ್ತಿದ. ಮುನಿರಾಜು ಗಣಿಯ ಬಾಯಿಯ ತನಕ ಹೋಗಿ, ನಿಂತು ನೋಡಿ ಬಂದಿದ್ದ. ಹಬ್ಬಕ್ಕೆ ಇನ್ನು ಎಂಟು ದಿನ. ಹೇಳಿದರೆ ನೋಮು ಎರಡನೇ ವರ್ಷವೂ ತಪ್ಪುತ್ತದೆ, ಅಮ್ಮ ಉಳಿಯುವುದಿಲ್ಲ. ಹೇಳದಿದ್ದರೆ ಮೈಲಿಗೆ ತನಗೊಬ್ಬನಿಗೆ. ಅದನ್ನು ಒಬ್ಬನೇ ಹೊತ್ತರೆ ಮನೆ ಉಳಿಯುತ್ತದೆ ಎಂದುಕೊಂಡೆ ಎಂದ. ಅವನ ದನಿಯಲ್ಲಿ ಕಪಟವಿರಲಿಲ್ಲ. ಕೇಳುವವರನ್ನು ಹೆದರಿಸಿದ್ದು ಅದೇ.

"ಒಂಬತ್ ದಿನ ಅವ್ರನ್ನ ಆ ನೀರಾಗೆ ಬಿಟ್ಬಿಟ್ರಾ ಭಾವ," ಎಂದಳು ಸುಮಲತ.

ವೆಂಕಟೇಶಪ್ಪ ಎದ್ದು ಹೋಗಿ ಅಕ್ಕಿ ಡಬ್ಬದೊಳಗೆ ಮೊಣಕೈ ತನಕ ಕೈಯಿಳಿಸಿ ಫೋನು ಹುಡುಕತೊಡಗಿದರು. ಪೊಲೀಸರಿಗೆ ಹೇಳಬೇಕು, ಮೇಲೆ ತರುವವರನ್ನು ಕರೆಸಬೇಕು ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಅಕ್ಕಿ ನೆಲದ ಮೇಲೆಲ್ಲ ಚೆಲ್ಲಿತು. ಆನ್ ಆದ ಫೋನು ಬೆಳಗಿನಿಂದ ಬಂದ ಹಬ್ಬದ ಶುಭಾಶಯಗಳನ್ನೆಲ್ಲ ಒಂದರ ಮೇಲೊಂದರಂತೆ ಟಣ್ ಟಣ್ ಎಂದು ಇಳಿಸತೊಡಗಿತು.

ಅನಸೂಯಮ್ಮ ಅಳಲಿಲ್ಲ. ಮೊಣಕಾಲಿಗೆ ಕೈಯೂರಿ ಎದ್ದು ಮೊರಗಳ ಮುಂದೆ ಹೋಗಿ ಕೂತರು. ದೀಪ ಇನ್ನೂ ಉರಿಯುತ್ತಿತ್ತು. ಹನ್ನೊಂದನೇ ದಿನದ ತಿಥಿಗೆ ಎಷ್ಟು ದಿನ ಉಳಿಯಿತು ಎಂದು ಮೈದುನನನ್ನು ಕೇಳಿದರು.

ವೆಂಕಟೇಶಪ್ಪ, ಬಾಲಾಜಿ ಹೊರಟ ದಿನದಿಂದ ಬೆರಳು ಮಡಿಸಿ, "ಎರಡು, ಅತ್ತಿಗೆ," ಅಂದರು.

ಸುಮಲತ ಮುಷ್ಟಿ ಬಿಚ್ಚಿದಳು. ಅಂಗೈಯೆಲ್ಲ ಅರಿಶಿನವಾಗಿತ್ತು. ದಾರವನ್ನು ತಂದು ಬಾಲಾಜಿಯ ಮೊರದಲ್ಲಿ, ಕಜ್ಜಾಯದ ಮೇಲೆ ಇಟ್ಟಳು. ಅನಸೂಯಮ್ಮ ಆ ಮೊರವೊಂದನ್ನು ಸಾಲಿನಿಂದ ಬೇರೆ ಎಳೆದು, ಸೆರಗಿನಿಂದ ಮುಚ್ಚಿ, ಸೊಸೆಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಕಜ್ಜಾಯ ಎರಡು ದಿನಕ್ಕೆಲ್ಲ ಕೆಡಲ್ಲ," ಅಂದರು. "ಅವನ ಪಾಲು ಅಂಗೇ ಇರ್ಲಿ. ಎಡೆಗೆ ಇಕ್ಕಾನ."